ಚಿತ್ರೋತ್ಸವಗಳ ಸಂಘಟಕರಿಗೆ: ಪರದೆಯ ಮೇಲೆ ಅಳುತ್ತಿರುವವರು ಯಾರೆಂದು ಹೇಳಿ

ನಮ್ಮ ದೇಶದ ಚಿತ್ರೋತ್ಸವಗಳಿಗೆ ಸಿನಿಮಾ ಆರಿಸುವವರಿಗೆ, ಕೈಪಿಡಿಯಲ್ಲಿ ಅವುಗಳ ಪರಿಚಯ ಬರೆಯುವವರಿಗೆ, ಪ್ರದರ್ಶನಕ್ಕೆ ಮುಂಚೆ ಮೈಕು ಹಿಡಿದು ಎರಡು ಮಾತಾಡುವವರಿಗೆ,

ನಮಸ್ಕಾರ.

ಮಲೆನಾಡಿನ ಸಣ್ಣ ಊರೊಂದರಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುವ ಗುಂಪು ನಮ್ಮದು. ಶಾಲೆಯ ಸಭಾಂಗಣ, ಬಾಡಿಗೆ ಪ್ರೊಜೆಕ್ಟರು, ಮಳೆಗಾಲದಲ್ಲಿ ಇಪ್ಪತ್ತು ಜನ, ಬೇಸಿಗೆಯಲ್ಲಿ ಐವತ್ತು. ಏನು ತೋರಿಸಬೇಕೆಂಬುದನ್ನು ನಾವು ಕಲಿತದ್ದು ನಿಮ್ಮಿಂದ. ನಿಮ್ಮ ಉತ್ಸವಗಳಿಗೆ ಬಂದು, ಸಾಲಿನಲ್ಲಿ ನಿಂತು, ಕೈಪಿಡಿಯಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಹೋಗಿ, ಅದೇ ಸಾಲುಗಳನ್ನು ಕನ್ನಡ ಮಾಡಿ ಓದಿ ಹೇಳುತ್ತೇವೆ. ಹಾಗಾಗಿ ನೀವು ಬಿಟ್ಟ ಮಾತು ನಮ್ಮೂರಿನಲ್ಲೂ ಬಿಟ್ಟೇ ಹೋಗುತ್ತದೆ. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿರುವ, ತಮ್ಮದೇ ದೇಶವಿಲ್ಲದ ಕುರ್ದರ ಸಿನಿಮಾಗಳನ್ನು ತೋರಿಸುವಾಗ ಹಾಗೆ ಬಿಟ್ಟುಹೋದ ಮಾತುಗಳ ಬಗ್ಗೆ ಈ ಪತ್ರ.

ಬಹ್ಮನ್ ಘೊಬಾದಿಯವರ 'ಟರ್ಟಲ್ಸ್ ಕ್ಯಾನ್ ಫ್ಲೈ' ತೋರಿಸಿದೆವು. 2004ರ ಚಿತ್ರ, ಸಾನ್ ಸೆಬಾಸ್ಟಿಯನ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಪಡೆದದ್ದು. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಬರುವ ಮುಂಚಿನ ದಿನಗಳು. ತುರ್ಕಿಯ ಗಡಿಯಂಚಿನ ಕುರ್ದಿಶ್ ಹಳ್ಳಿ, ಅದರ ಮಗ್ಗುಲಿಗೆ ನಿರಾಶ್ರಿತರ ಡೇರೆಗಳು. ಮಕ್ಕಳು ನೆಲಬಾಂಬು ಕಿತ್ತು ಮಾರಿ ಹೊಟ್ಟೆ ಹೊರೆಯುತ್ತಾರೆ. ಹಲಬ್ಜಾದಿಂದ ಬಂದ ಒಬ್ಬ ಹುಡುಗನಿಗೆ ಎರಡೂ ತೋಳಿಲ್ಲ, ಅವನು ಬಾಂಬನ್ನು ಬಾಯಲ್ಲಿ ಬಿಚ್ಚುತ್ತಾನೆ. ನಾನು ಓದಿದ ಪರಿಚಯದಲ್ಲಿ ಅದನ್ನು ಇರಾನಿನ ಚಿತ್ರ ಎಂದಿದ್ದೆ. ಕೈಪಿಡಿಯಲ್ಲಿ ದೇಶದ ಹೆಸರು ಹಾಗೇ ಇತ್ತು.

ದೀಪ ಹತ್ತಿದ ಮೇಲೆ ತುಂಬ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ನನ್ನ ಹತ್ತಿರ ಬಂದರು. "ಇರಾನಿನ ಸಿನಿಮಾ ಅಂದ್ಯಲ್ಲಮ್ಮಾ, ಆ ಮಕ್ಕಳು ಆಡ್ತಾ ಇದ್ದದ್ದು ಪಾರ್ಸಿಯಾ?"

"ಇಲ್ಲ ಸರ್, ಕುರ್ದಿಶ್. ಊರು ಇರಾಕಿನದ್ದು."

"ಹಾಗಾದ್ರೆ ಇದು ಇರಾನಿನದ್ದು ಹೇಗಾಯ್ತು?"

ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದ್ದು, ನೋಡಿದ್ದು, ಯೋಚಿಸಿದ್ದು ಎಲ್ಲ ಸೇರಿ ಈ ಪತ್ರವಾಗಿದೆ.

ಘೊಬಾದಿ ಇರಾನಿನ ಬಾನೆ ಊರಿನ ಕುರ್ದ್. ಸದ್ದಾಂ ಹುಸೇನ್ ಪದಚ್ಯುತನಾದ ಮೇಲೆ ಇರಾಕಿನ ಕುರ್ದಿಸ್ತಾನಕ್ಕೆ ಹೋಗಿ, ಅಲ್ಲಿನ ಮಕ್ಕಳಿಂದಲೇ ಪಾತ್ರ ಮಾಡಿಸಿ ಚಿತ್ರ ತೆಗೆದರು. ತೋಳಿಲ್ಲದ ಪಾತ್ರ ಮಾಡಿದ ಹುಡುಗನಿಗೆ ನಿಜವಾಗಿಯೂ ತೋಳಿರಲಿಲ್ಲ. ಆಸ್ಕರ್‌ಗೆ ಮಾತ್ರ ಆ ಚಿತ್ರ ಹೋದದ್ದು ಇರಾನಿನ ಹೆಸರಿನಲ್ಲಿ. ವಿದೇಶಿ ಚಿತ್ರಗಳ ವಿಭಾಗಕ್ಕೆ ಒಂದು ದೇಶದಿಂದ ಒಂದೇ ಚಿತ್ರ ಎಂಬುದು ಆಗ ಅಲ್ಲಿದ್ದ ನಿಯಮ. ದೇಶವೇ ಇಲ್ಲದವರು ಏನು ಮಾಡಬೇಕು? ಯಾರದ್ದೋ ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಯಿಲ್ಮಾಜ್ ಗುನೆ ತುರ್ಕಿಯ ಜೈಲಿನಲ್ಲಿ ಕೂತು ಬರೆದ, ಶೆರೀಫ್ ಗೊರೆನ್ ನಿರ್ದೇಶಿಸಿದ 'ಯೋಲ್' 1982ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಆಸ್ಕರ್‌ಗೆ ಅದನ್ನು ಕಳಿಸಿದ್ದು ಸ್ವಿಟ್ಜರ್ಲೆಂಡ್. ಶೌಕತ್ ಅಮೀನ್ ಕೊರ್ಕಿಯವರ 'ಮೆಮೊರೀಸ್ ಆನ್ ಸ್ಟೋನ್' ಇರಾಕಿನ ಹೆಸರಿನಲ್ಲಿ ಹೋಯಿತು. ಜೈನೆ ಅಕ್ಯೋಲ್ ಅವರ 'ರೊಜೆಕ್' 2023ರಲ್ಲಿ ಕೆನಡಾದ ಹೆಸರಿನಲ್ಲಿ. 1920ರ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೊಂದು ನಾಡಿನ ಆಸೆ ತೋರಿಸಿ, 1923ರ ಲೋಸಾನ್ ಒಪ್ಪಂದದಲ್ಲಿ ಅದನ್ನು ಕೈಬಿಟ್ಟದ್ದು ಪಾಠಪುಸ್ತಕದ ಹಳೆಯ ಸಂಗತಿ ಎಂದುಕೊಂಡಿದ್ದೆ. ಅದು ನಿಮ್ಮ ಕೈಪಿಡಿಯ 'ದೇಶ' ಎಂಬ ಕಾಲಮ್ಮಿನಲ್ಲಿ ಇವತ್ತಿಗೂ ಕೂತಿದೆ.

ಆಸ್ಕರ್ ನಿಯಮವನ್ನು ನೀವು ಬದಲಾಯಿಸಲಾರಿರಿ, ಗೊತ್ತು. ಕಾಲಮ್ಮು ನಿಮ್ಮದು. ಅದನ್ನು ಬದಲಾಯಿಸಬಹುದು.

ಆದರೆ 'ಇರಾನ್' ಹೊಡೆದು 'ಕುರ್ದಿಸ್ತಾನ್' ಎಂದು ಬರೆದುಬಿಟ್ಟರೆ ಮುಗಿಯಿತೇ? ಮೊದಮೊದಲು ನಾನೂ ಅಷ್ಟೇ ಸಾಕು ಎಂದುಕೊಂಡಿದ್ದೆ. ಸಾಲದು ಎಂದು ತಿಳಿಯಲು ಸಬ್‌ಟೈಟಲ್‌ಗಳು ಬೇಕಾದವು.

ಕುರ್ದಿಶ್ ಎನ್ನುವುದು ಒಂದೇ ಹದದ ಮಾತಲ್ಲ. ತುರ್ಕಿ, ಸಿರಿಯಾ, ಇರಾಕಿನ ದುಹೋಕ್ ಕಡೆಗೆ ಕುರ್ಮಾಂಜಿ. ಸುಲೇಮಾನಿಯಾ, ಎರ್ಬಿಲ್ ಮತ್ತು ಇರಾನಿನ ಕೆಲವು ಭಾಗಗಳಲ್ಲಿ ಸೊರಾನಿ. ಕುರ್ಮಾಂಜಿಯನ್ನು ತುರ್ಕಿಯಲ್ಲಿ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ಸೊರಾನಿಗೆ ಅರಬ್ಬಿ ಮೂಲದ ಲಿಪಿ. ಝಾಝಾಕಿ ಇದೆ, ಹವ್ರಾಮಿ ಇದೆ. ಅವು ಬೇರೆ ಭಾಷೆಗಳೇ ಎಂದು ವಾದಿಸುವವರಿದ್ದಾರೆ. ಇದರ ಜೊತೆಗೆ ಪ್ರತಿ ಕುರ್ದಿಶ್ ಚಿತ್ರದಲ್ಲೂ ಒಬ್ಬ ಸೈನಿಕನೋ ಮೇಷ್ಟ್ರೋ ಗುಮಾಸ್ತನೋ ಬರುತ್ತಾನೆ. ಅವನು ತುರ್ಕಿಯಲ್ಲೋ ಅರಬ್ಬಿಯಲ್ಲೋ ಪಾರ್ಸಿಯಲ್ಲೋ ಮಾತಾಡುತ್ತಾನೆ. ನಾವು ಕೂತು ನೋಡುವಾಗ ಇವೆಲ್ಲವೂ ಕೆಳಗೆ ಒಂದೇ ಬಿಳಿ ಇಂಗ್ಲಿಷ್ ಅಕ್ಷರಗಳಾಗಿ ಹರಿದುಹೋಗುತ್ತವೆ. ತಾಯಿ ಜೋಗುಳ ಹಾಡಿದ ಭಾಷೆಗೂ, ತನಿಖಾ ಠಾಣೆಯಲ್ಲಿ ಗದರಿಸಿದ ಭಾಷೆಗೂ ನಮಗೆ ವ್ಯತ್ಯಾಸ ಕೇಳುವುದಿಲ್ಲ. ತುರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಶ್ ಭಾಷೆಯಲ್ಲಿ ಪ್ರಕಟಿಸುವುದನ್ನು ನಿಷೇಧಿಸುವ ಕಾನೂನೇ ಇತ್ತು. 'ಯೋಲ್' ಚಿತ್ರದಲ್ಲಿ ಕುರ್ದಿಶ್ ಹಳ್ಳಿಯ ಕೈದಿ ರಜೆಗೆ ಮನೆಗೆ ಬಂದರೂ ಹೆಚ್ಚಿನ ಮಾತು ತುರ್ಕಿಯಲ್ಲೇ ನಡೆಯುವುದು ಆ ಕಾನೂನಿಗೂ ಮುಂಚೆಯೇ ಇದ್ದ ಭಯದಿಂದ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಆ ಚಿತ್ರವನ್ನು ಬೇರೆಯೇ ಕಿವಿಯಿಂದ ಕೇಳುತ್ತಿದ್ದೆ.

ಘೊಬಾದಿಯವರ ಚಿತ್ರದಲ್ಲಿ ಒಂದು ದೃಶ್ಯವಿದೆ, ನಮ್ಮೂರಿನವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಹಳ್ಳಿಯ ಹಿರಿಯರು ಯುದ್ಧ ಯಾವಾಗ ಎಂದು ತಿಳಿಯಲು ಡಿಶ್ ಆಂಟೆನಾ ತರಿಸುತ್ತಾರೆ. ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಅರ್ಥಮಾಡಿ ಹೇಳಬೇಕಾದವನು ಸ್ಯಾಟಲೈಟ್ ಎಂಬ ಅಡ್ಡಹೆಸರಿನ ಹುಡುಗ. ಅವನಿಗೆ ಬರುವುದು ನಾಲ್ಕಾರು ಇಂಗ್ಲಿಷ್ ಪದ. ಏನಂತೆ ಎಂದು ಎಲ್ಲರೂ ಕೇಳಿದಾಗ ಅವನು, ನಾಳೆ ಮಳೆ ಬರುತ್ತದಂತೆ ಎನ್ನುತ್ತಾನೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಎರಡನೇ ಸಲ ಅಳು ಬಂತು. ತಮ್ಮ ಮನೆಯಂಗಳದಲ್ಲೇ ನಡೆಯಲಿರುವ ಯುದ್ಧದ ಸುದ್ದಿ ಆ ಜನಕ್ಕೆ ತಮ್ಮ ಮಾತಿನಲ್ಲಿ ಸಿಗುವುದಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಅದು ಯಜೀದಿಗಳದ್ದು, ಹೆಚ್ಚಾಗಿ ಉತ್ತರ ಇರಾಕಿನಲ್ಲಿರುವ, ತಮ್ಮದೇ ಹಳೆಯ ಧರ್ಮವನ್ನು ಪಾಲಿಸುವ ಸಣ್ಣ ಸಮುದಾಯದ್ದು.

2014ರ ಆಗಸ್ಟ್ 3ರಂದು ಯಜೀದಿಗಳ ನೆಲೆಯಾದ ಇರಾಕಿನ ಶಿಂಗಾಲ್ (ಸಿಂಜಾರ್) ಪ್ರದೇಶಕ್ಕೆ ಐಸಿಸ್ ನುಗ್ಗಿತು. ಗಂಡಸರನ್ನು ಸಾಲು ನಿಲ್ಲಿಸಿ ಕೊಂದರು, 6000ಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನು ಹೊತ್ತೊಯ್ದರು, ಸಂತೆಯಲ್ಲಿ ಮಾರಿದರು. ಯಜೀದಿಗಳು ಇದನ್ನು ತಮ್ಮ ಮೇಲೆ ನಡೆದ 74ನೇ ಫರ್ಮಾನು ಎನ್ನುತ್ತಾರೆ. ಕನ್ನಡದಲ್ಲಿ ಫರ್ಮಾನು ಎಂದರೆ ದೊರೆಯ ಅಪ್ಪಣೆ. ಆ ಅಪ್ಪಣೆಗಳು ಶತಮಾನಗಳ ಕಾಲ ತಮ್ಮ ಪಾಲಿಗೆ ಏನು ತಂದವೋ ಅದೇ ಅವರಲ್ಲಿ ಆ ಪದದ ಅರ್ಥವಾಗಿದೆ: ನರಮೇಧ. ಯಜೀದಿಗಳ ಮಾತು ಕುರ್ಮಾಂಜಿ. ಹಾಗಾಗಿ ಅವರನ್ನು ಕುರ್ದರೆಂದೇ ಬರೆಯುವುದು ವಾಡಿಕೆ. ಹೌದು, ನಾವು ಕುರ್ದರೇ ಎನ್ನುವ ಯಜೀದಿಗಳಿದ್ದಾರೆ. ಅಲ್ಲ, ನಾವು ಬೇರೆಯದೇ ಜನ ಎನ್ನುವವರೂ ಬಹಳ ಇದ್ದಾರೆ. ಅವತ್ತು ಶಿಂಗಾಲನ್ನು ಕಾಯಬೇಕಿದ್ದ ಇರಾಕಿನ ಕುರ್ದಿಶ್ ಪೆಶ್ಮೆರ್ಗಾ ಪಡೆಗಳು ದಾಳಿಯ ಹೊತ್ತಿಗೆ ಹಿಂದೆ ಸರಿದವು ಎಂಬ ನೋವು ಈ ಎರಡನೆಯ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ತಪ್ಪಿಸಿಕೊಂಡು ಓಡಿ ಶಿಂಗಾಲ್ ಬೆಟ್ಟದ ಮೇಲೆ ಸಿಕ್ಕಿಬಿದ್ದವರಿಗೆ ದಾರಿ ಬಿಡಿಸಿಕೊಟ್ಟದ್ದೂ ಸಿರಿಯಾ ಕಡೆಯಿಂದ ಬಂದ ಬೇರೆ ಕುರ್ದಿಶ್ ಪಡೆಗಳೇ. ಕೈಬಿಟ್ಟವರೂ ಕುರ್ದರು, ಕೈಹಿಡಿದವರೂ ಕುರ್ದರು.

ಎರಡು ವರ್ಷದ ನಂತರ, 2016ರಲ್ಲಿ, ಹುಸೇನ್ ಹಸನ್ ಎಂಬ ಕುರ್ದಿಶ್ ನಿರ್ದೇಶಕರ 'ರೆಶೆಬಾ' ಚಿತ್ರ ದುಹೋಕ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮದುವೆಯಾಗಬೇಕಿದ್ದ ಯಜೀದಿ ಜೋಡಿ. ಹುಡುಗಿಯನ್ನು ಐಸಿಸ್ ಎಳೆದೊಯ್ಯುತ್ತದೆ. ಹುಡುಗ ಹುಡುಕಿ ಕರೆತರುತ್ತಾನೆ. ಡೇರೆಗೆ ಮರಳಿದ ಅವಳು ಗರ್ಭಿಣಿ ಎಂದು ಗೊತ್ತಾದ ಮೇಲೆ ಅವಳ ಸುತ್ತಲಿನವರ ಮುಖ ಬದಲಾಗುತ್ತದೆ. ಪ್ರದರ್ಶನ ನೋಡಿದ ಯಜೀದಿಗಳು ಪ್ರತಿಭಟಿಸಿದರು. ನಮ್ಮನ್ನು ಕೊಂದವರ ಕಥೆ ಬಿಟ್ಟು ನಮ್ಮ ಮನೆಯವರನ್ನೇ ಕಟುಕರಂತೆ ತೋರಿಸಿದಿರಿ ಎಂಬುದು ಅವರ ಸಂಕಟ. ಬಂದ ಹೆಣ್ಣುಮಕ್ಕಳನ್ನು ಗೌರವದಿಂದ ಒಳಗೆ ಕರೆದುಕೊಳ್ಳಿ ಎಂದು ಅವರ ಧರ್ಮಗುರು ಬಾಬಾ ಶೇಖ್ ಅದಾಗಲೇ ಹೇಳಿಯಾಗಿತ್ತು. ಲಾಲಿಶ್ ಕ್ಷೇತ್ರದ ಬಿಳಿ ಚಿಲುಮೆಯ ನೀರಿನಲ್ಲಿ ಅವರನ್ನು ಮತ್ತೆ ಧರ್ಮಕ್ಕೆ ಸೇರಿಸಿಕೊಳ್ಳುತ್ತಿದ್ದರು. ಹೊರಗೆ ಮದುವೆ ಮಾಡಿಕೊಂಡರೂ ಒಳಗೆ ಸೇರಿಸದ ಸಮುದಾಯವೊಂದು ಇಷ್ಟು ದೊಡ್ಡ ಹೆಜ್ಜೆ ಇಟ್ಟಾಗ ಅದು ಪರದೆಯ ಮೇಲೆ ಕಾಣಬೇಕಲ್ಲವೇ?

ಚಿತ್ರದ ಪರವಾಗಿಯೂ ಹೇಳಬೇಕು, ಯಾಕೆಂದರೆ ಅದು ಎತ್ತಿದ ಪ್ರಶ್ನೆ ಸುಳ್ಳಲ್ಲ. ಹೆಣ್ಣುಮಕ್ಕಳು ಮನೆ ಸೇರಿದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು? 2019ರ ಏಪ್ರಿಲ್‌ನಲ್ಲಿ ಯಜೀದಿ ಧಾರ್ಮಿಕ ಮಂಡಳಿ ಬದುಕುಳಿದವರನ್ನೂ ಅವರ ಮಕ್ಕಳನ್ನೂ ಒಪ್ಪಿಕೊಳ್ಳುತ್ತೇವೆ ಎಂದಿತು. ಕೆಲವೇ ದಿನಗಳಲ್ಲಿ, ಅತ್ಯಾಚಾರದಿಂದ ಹುಟ್ಟಿದ ಮಕ್ಕಳು ಇದರಲ್ಲಿ ಸೇರಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಅಪ್ಪ ಮುಸ್ಲಿಮನಾದರೆ ಮಗುವನ್ನು ಮುಸ್ಲಿಮ್ ಎಂದೇ ದಾಖಲಿಸುವ ಇರಾಕಿನ ಕಾನೂನು ಇನ್ನೊಂದು ಗೋಡೆ. ಎಷ್ಟೋ ತಾಯಂದಿರು ಮಗುವೋ ಮನೆಯೋ ಎಂದು ಆರಿಸಿಕೊಳ್ಳಬೇಕಾಯಿತು. ಡೇರೆಯೊಳಗಿನ ಒಬ್ಬ ಅಪ್ಪನ ಮುಖದ ಮೇಲಷ್ಟೇ ಕ್ಯಾಮೆರಾ ಇಟ್ಟರೆ ತಪ್ಪೆಲ್ಲ ಅವನದ್ದೇ ಎಂದು ಕಾಣುತ್ತದೆ. ಅವನ ಬೆನ್ನ ಹಿಂದೆ ಕಾನೂನಿದೆ, ಅವನನ್ನು ಕಾಯದೆ ಹೋದ ಸೈನ್ಯವಿದೆ, ವರ್ಷಗಳಿಂದ ಅಲ್ಲೇ ಕೊಳೆಸಿಟ್ಟ ಡೇರೆಯ ಬದುಕಿದೆ.

'ರೆಶೆಬಾ' ಆಮೇಲೆ ಬುಸಾನ್ ಉತ್ಸವದ ಸಮಾರೋಪ ಚಿತ್ರವಾಯಿತು, ಇರಾಕಿನಿಂದ ಆಸ್ಕರ್‌ಗೂ ಹೋಯಿತು. ಅದನ್ನು ತೋರಿಸಬಾರದು ಎಂದು ನಾನು ಹೇಳುವುದಿಲ್ಲ. ತೋರಿಸಿ. ತೋರಿಸುವಾಗ ಆ ಪ್ರತಿಭಟನೆಯನ್ನೂ ಜೊತೆಗೆ ತನ್ನಿ. 'ಐಸಿಸ್ ಕ್ರೌರ್ಯಕ್ಕೆ ಸಿಕ್ಕಿದ ಕುರ್ದಿಶ್ ಪ್ರೇಮಕಥೆ' ಎಂಬಂಥ ಒಂದು ಸಾಲಿನಲ್ಲಿ ಮುಗಿಸಿದರೆ, ಆ ದಿನ ದುಹೋಕಿನಲ್ಲಿ ಎದ್ದು ನಿಂತವರನ್ನು ನಾವೂ ಇಲ್ಲಿಂದ ಕೂರಿಸಿದಂತೆ.

ಕುರ್ದರ ಕುರಿತ ಮೊದಲ ಚಿತ್ರ ಎನ್ನಲಾಗುವ 'ಝರೆ' 1926ರಲ್ಲಿ ಆರ್ಮೇನಿಯಾದಲ್ಲಿ ತಯಾರಾಯಿತು. ಅದು ಮೂಕಿ, ಅದರ ಕಥೆ ಯಜೀದಿಗಳದ್ದು. ಅಲ್ಲಿಂದ ಇಲ್ಲಿಯವರೆಗೆ ಯಜೀದಿಗಳ ಬಗ್ಗೆ ಕ್ಯಾಮೆರಾ ಹಿಡಿದವರಲ್ಲಿ ಹೆಚ್ಚಿನವರು ಹೊರಗಿನವರೇ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಹೊರಗಿನವರು ತೆಗೆಯುವುದೇ ತಪ್ಪಲ್ಲ. ಕೇಳಿ ತೆಗೆಯಬೇಕು. 'ಸಬಾಯಾ' ಎಂಬ ಸಾಕ್ಷ್ಯಚಿತ್ರದ ವಿಷಯ ನಿಮಗೆ ಗೊತ್ತಿರುತ್ತದೆ. ದುಹೋಕಿನಲ್ಲಿ ಹುಟ್ಟಿ ಸ್ವೀಡನ್ನಿಗೆ ನಿರಾಶ್ರಿತರಾಗಿ ಹೋದ ಹೊಗಿರ್ ಹಿರೋರಿ ಅದರ ನಿರ್ದೇಶಕರು. ಸಿರಿಯಾದ ಅಲ್-ಹೋಲ್ ಶಿಬಿರದಲ್ಲಿ ಬಚ್ಚಿಟ್ಟ ಯಜೀದಿ ಹೆಂಗಸರನ್ನು ಬಿಡಿಸಿ ತರುವವರ ಕಥೆ. 2021ರಲ್ಲಿ ಸಂಡಾನ್ಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಚಿತ್ರದಲ್ಲಿ ಕಾಣುವ ಕೆಲವು ಹೆಂಗಸರು ತಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದರು. ಒಪ್ಪಿಗೆ ಪಡೆದಿದ್ದೆ ಎಂದು ನಿರ್ದೇಶಕರು ಹೇಳಿದರು. ಯಾರ ಮಾತು ಸರಿ ಎಂದು ತೀರ್ಪು ಕೊಡುವವಳು ನಾನಲ್ಲ. ಆದರೆ ನಿನ್ನೆ ಮೊನ್ನೆ ಸೆರೆಯಿಂದ ಬಂದ ಹೆಣ್ಣುಮಗಳಿಗೆ ತನ್ನನ್ನು ಬಿಡಿಸಿದವರ ಜೊತೆಗೇ ಬಂದ ಕ್ಯಾಮೆರಾದವನಿಗೆ ಬೇಡ ಎನ್ನಲು ಎಷ್ಟು ಸ್ವಾತಂತ್ರ್ಯವಿರುತ್ತದೆ? ಮತ್ತೊಬ್ಬರ ಒಡೆತನದಲ್ಲಿ ವರ್ಷಗಟ್ಟಲೆ ಇದ್ದವಳ ಮುಖದ ಮೇಲೆ ಅವಳಿಗಾದರೂ ಪೂರ್ತಿ ಹಕ್ಕು ಬೇಡವೇ? ಇಂಥ ಚಿತ್ರ ಆರಿಸುವಾಗ ಒಪ್ಪಿಗೆಯ ಬಗ್ಗೆ ನಿರ್ಮಾಪಕರನ್ನು ಒಂದು ಇಮೇಲ್ ಬರೆದು ಕೇಳುವ ಪದ್ಧತಿಯನ್ನು ದಯವಿಟ್ಟು ಇಟ್ಟುಕೊಳ್ಳಿ.

ಹೆಂಗಸರ ಮಾತು ಬಂದದ್ದರಿಂದ ಇನ್ನೊಂದು. ನಿಮ್ಮ ಪಟ್ಟಿಗಳಲ್ಲಿ ಕುರ್ದಿಶ್ ಹೆಣ್ಣು ಎಂದರೆ ಎರಡೇ ಬಗೆ: ಬಲಾತ್ಕಾರಕ್ಕೆ ಒಳಗಾದವಳು, ಇಲ್ಲವೇ ಹೆಗಲ ಮೇಲೆ ಕೋವಿ ಹಾಕಿಕೊಂಡವಳು. ಸಿರಿಯಾದ ಕೊಬಾನಿ ಪಟ್ಟಣದಲ್ಲಿ ಐಸಿಸ್ ವಿರುದ್ಧ ನಡೆದ ಹೋರಾಟದ ನಂತರ ಎರಡನೆಯ ಚಿತ್ರ ಲೋಕದ ಪೋಸ್ಟರುಗಳನ್ನೆಲ್ಲ ತುಂಬಿತು. ಎರಡೂ ನಿಜ, ಎರಡೂ ಬೇಕು. ಮಿಕ್ಕ ಹೆಂಗಸರು ಎಲ್ಲಿ ಹೋದರು? ಕೊರ್ಕಿಯವರ 'ಮೆಮೊರೀಸ್ ಆನ್ ಸ್ಟೋನ್' ಚಿತ್ರದಲ್ಲಿ ಇಬ್ಬರು ಗೆಳೆಯರು, ಸದ್ದಾಂ ಆಡಳಿತ ಕುರ್ದರ ಮೇಲೆ ನಡೆಸಿದ 1988ರ ಅನ್ಫಾಲ್ ನರಮೇಧದ ಬಗ್ಗೆ ಸಿನಿಮಾ ತೆಗೆಯಲು ಹೊರಡುತ್ತಾರೆ. ಅವರಿಗೆ ನಾಯಕಿಯ ಪಾತ್ರಕ್ಕೆ ಹುಡುಗಿ ಸಿಗುವುದೇ ಕಷ್ಟ. ಒಬ್ಬಳು ಒಪ್ಪುತ್ತಾಳೆ, ಅವಳಿಗೆ ಆಸೆಯೂ ಇದೆ; ಮನೆಯ ಗಂಡಸರು ಒಪ್ಪಬೇಕು. ತನ್ನ ಜನರ ನೋವನ್ನು ಅಭಿನಯಿಸುವ ಅನುಮತಿ ತನ್ನ ಮನೆಯಲ್ಲೇ ಸಿಗದ ಹುಡುಗಿ: ಪ್ರಾತಿನಿಧ್ಯ ಎಂಬ ದೊಡ್ಡ ಪದವನ್ನು ನನಗೆ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಅರ್ಥಮಾಡಿಸಿದ್ದು ಅವಳು.

2022ರಲ್ಲಿ ಕೇರಳದ ಚಿತ್ರೋತ್ಸವ ತನ್ನ ಮೊದಲ 'ಸ್ಪಿರಿಟ್ ಆಫ್ ಸಿನಿಮಾ' ಪ್ರಶಸ್ತಿಯನ್ನು ಲೀಸಾ ಚಲನ್ ಅವರಿಗೆ ಕೊಟ್ಟಿತು. 2015ರ ಜೂನ್‌ನಲ್ಲಿ ತುರ್ಕಿಯ ದಿಯಾರ್‌ಬಕೀರ್‌ನ ಚುನಾವಣಾ ಸಭೆಯಲ್ಲಿ ಸಿಡಿದ ಐಸಿಸ್ ಬಾಂಬಿನಲ್ಲಿ ಎರಡೂ ಕಾಲು ಕಳೆದುಕೊಂಡ ಕುರ್ದಿಶ್ ನಿರ್ದೇಶಕಿ ಅವರು. ಕುರ್ದಿಶ್ ಹೆಣ್ಣೊಬ್ಬಳು ಪಾತ್ರವಾಗಿ ಅಲ್ಲದೆ ನಿರ್ದೇಶಕಿಯಾಗಿ ನಮ್ಮ ನೆರೆರಾಜ್ಯದ ವೇದಿಕೆಗೆ ಬಂದದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದು ಹೇಳಲಾರೆ. ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ. ಇದನ್ನು ಒಂದು ವರ್ಷದ ವಿಶೇಷವಾಗಿ ಬಿಡಬೇಡಿ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಕೈಪಿಡಿಯಲ್ಲಿ ದೇಶದ ಪಕ್ಕ ಭಾಷೆಯ ಹೆಸರು ಹಾಕಿ, 'ಕುರ್ದಿಶ್' ಎಂದಷ್ಟೇ ಅಲ್ಲ, ಕುರ್ಮಾಂಜಿಯೋ ಸೊರಾನಿಯೋ, ಜೊತೆಗೆ ಅರಬ್ಬಿ ಇದೆಯೋ ತುರ್ಕಿ ಇದೆಯೋ ಎಂದು. ಎರಡನೆಯ ಭಾಷೆ ಬಂದಾಗ ಸಬ್‌ಟೈಟಲ್ ಅಕ್ಷರವನ್ನು ಓರೆ ಮಾಡಲಿ ಎಂದು ವಿತರಕರಿಗೆ ತಿಳಿಸಿ, ಅದಕ್ಕೆ ಖರ್ಚಿಲ್ಲ. ಚಿತ್ರದೊಳಗಿನ ಸಮುದಾಯ ಯಾವುದು, ತೆಗೆದವರು ಎಲ್ಲಿಯವರು, ಆ ಸಮುದಾಯ ಚಿತ್ರವನ್ನು ಹೇಗೆ ಕಂಡಿತು, ಇಷ್ಟನ್ನು ಮೂರು ವಾಕ್ಯದಲ್ಲಿ ಬರೆಯಿರಿ. ಸಂವಾದಕ್ಕೆ ನಿರ್ದೇಶಕರನ್ನೇ ಕರೆಯುತ್ತೀರಿ. ಯಜೀದಿಗಳ ಚಿತ್ರವಾದರೆ ಒಬ್ಬ ಯಜೀದಿ ಹೆಣ್ಣುಮಗಳನ್ನು ವಿಡಿಯೋದಲ್ಲಾದರೂ ಮಾತಾಡಲು ಕೇಳಿ. ಯುದ್ಧದ ಚಿತ್ರಗಳ ನಡುವೆ ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೂ ಮನೆ ಸೇರದವರ ಚಿತ್ರಗಳಿಗೂ ಜಾಗ ಕೊಡಿ.

ಮುಂದಿನ ತಿಂಗಳು ನಾವು ಎರೊಲ್ ಮಿನ್ತಾಶ್ ಅವರ 'ಸಾಂಗ್ ಆಫ್ ಮೈ ಮದರ್' ತೋರಿಸುತ್ತಿದ್ದೇವೆ. ನಾನು ಓದಲಿರುವ ಪರಿಚಯವನ್ನು ಕೆಳಗೆ ಕೊಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಕಳಿಸಿ.

"ಇದು 2014ರ ಚಿತ್ರ. ಸರಾಯೆವೊ ಉತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದದ್ದು. ತಾಯಿ, ಮಗ ಮಾತಾಡುವುದು ಕುರ್ಮಾಂಜಿ ಕುರ್ದಿಶ್. ನಗರದವರ ಜೊತೆ, ಕೆಲಸದ ಜಾಗದಲ್ಲಿ ತುರ್ಕಿ. ಯಾವುದು ಯಾವಾಗ ಬರುತ್ತದೆ ಎಂದು ಕಿವಿಗೊಟ್ಟು ಕೇಳಿ. 1990ರ ದಶಕದಲ್ಲಿ ತುರ್ಕಿಯ ಆಗ್ನೇಯದಲ್ಲಿ 3000ಕ್ಕೂ ಹೆಚ್ಚು ಕುರ್ದಿಶ್ ಹಳ್ಳಿಗಳನ್ನು ಖಾಲಿ ಮಾಡಿಸಲಾಯಿತು. ಈ ಚಿತ್ರದ ತಾಯಿ ಹಾಗೆ ಇಸ್ತಾಂಬುಲ್‌ಗೆ ಬಂದವಳು. ಈಗ ಅಲ್ಲಿನ ಹಳೆಯ ಬಡಾವಣೆಯಿಂದಲೂ ಎದ್ದು ನಗರದಂಚಿನ ಫ್ಲ್ಯಾಟಿಗೆ ಹೋಗಬೇಕಾಗಿದೆ. ಅವಳಿಗೆ ಊರಿಗೆ ಹೋಗಬೇಕು. ಊರಿನ ಹಾಡುಗಾರ, ಅಂದರೆ ದೆಂಗ್‌ಬೇಜ್, ಒಬ್ಬನ ದನಿಯಿರುವ ಕ್ಯಾಸೆಟ್ ಬೇಕು. ಮಗ ಆ ಕ್ಯಾಸೆಟ್ಟನ್ನು ಹುಡುಕುತ್ತಾನೆ. ನಿರ್ದೇಶಕರು ಸ್ವತಃ ಕುರ್ದ್. ಚಿತ್ರದಲ್ಲಿ ಡೇರೆ ಇಲ್ಲ, ಬಾಂಬಿಲ್ಲ. ಆದರೂ ಇದು ಯುದ್ಧದ ಚಿತ್ರ."

ವಂದನೆಗಳೊಂದಿಗೆ,
ನಿಮ್ಮ ಉತ್ಸವಗಳ ಪ್ರೇಕ್ಷಕಿ